ಕಾರ್ ಕೀಲಿಯ ಸದ್ದಿಗೇ ನಡುಗುವ ಪುಟ್ಟ ನಾಯಿ: ನಾನು ರೂಢಿ ಮಾಡಿಸಿದ ಬಗೆ

ನಾಯಿಗೆ ಇರುವುದು ಭಯವೋ, ಹೊಟ್ಟೆ ತೊಳೆಸುವುದೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ನಿಂತ ಕಾರನ್ನು ಕಂಡೇ ಬಾಲ ಮುದುರಿ ನಡುಗಿದರೆ ಅದು ಭಯ. ಹೊರಟು ಸ್ವಲ್ಪ ಹೊತ್ತಿಗೆ ತುಟಿ ನೆಕ್ಕುತ್ತಾ, ಮೇಲಿಂದ ಮೇಲೆ ಆಕಳಿಸುತ್ತಾ, ಜೊಲ್ಲು ಸುರಿಸಿ ವಾಂತಿ ಮಾಡಿದರೆ ಹೊಟ್ಟೆಯ ತೊಂದರೆಯೇ ಹೆಚ್ಚು. ಎಷ್ಟೋ ನಾಯಿಗಳಲ್ಲಿ ಎರಡೂ ಬೆರೆತಿರುತ್ತವೆ: ನಾಲ್ಕು ಸಲ ವಾಂತಿಯಾದ ನಾಯಿ ಐದನೇ ಸಲ ಕಾರಿನ ಬಾಗಿಲಲ್ಲೇ ಕಾಲೂರಿ ನಿಲ್ಲುತ್ತದೆ. ಮರಿಗಳಿಗೆ ದೇಹದ ಸಮತೋಲ ಕಾಯುವ ಒಳಗಿವಿ ಪೂರ್ತಿ ಬಲಿತಿರುವುದಿಲ್ಲ, ವರ್ಷ ತುಂಬುವ ಹೊತ್ತಿಗೆ ಬಹಳಷ್ಟಕ್ಕೆ ಸರಿಹೋಗುತ್ತದೆ.

ವಾಂತಿ ನಿಲ್ಲದೆ ಎಷ್ಟು ಅಭ್ಯಾಸ ಮಾಡಿಸಿದರೂ ದಂಡ. ಊಟ ಹೊರಡುವುದಕ್ಕೆ 3-4 ಗಂಟೆ ಮೊದಲೇ ಮುಗಿದಿರಬೇಕು, ನೀರಿಗೆ ತಡೆಯಿಲ್ಲ. ಅಷ್ಟಕ್ಕೂ ನಿಲ್ಲದಿದ್ದರೆ ವೆಟ್ ಹತ್ತಿರ ಮಾರೋಪಿಟೆಂಟ್ ಎಂಬ ಮಾತ್ರೆಯ ಬಗ್ಗೆ ಕೇಳಿ. ತೂಕ ನೋಡಿ ಡೋಸ್ ಬರೆಯುತ್ತಾರೆ, ಹೊರಡುವುದಕ್ಕೆ 2 ಗಂಟೆ ಮೊದಲಾದರೂ ಕೊಡಬೇಕು. ಅದು ವಾಂತಿ ತಡೆಯುತ್ತದೆ, ಭಯ ಕಳೆಯುವುದಿಲ್ಲ. ನಾವು ಬಸ್ಸಿಗೆ ನುಂಗುವ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಕೆಲಸ ಖಂಡಿತ ಬೇಡ.

ಇನ್ನು ಭಯ. ಅಪಾರ್ಟ್‌ಮೆಂಟ್ ನಾಯಿಗೆ ಅದು ಕಾರಿನಲ್ಲಿ ಶುರುವಾಗುವುದೇ ಇಲ್ಲ. ಕೀಲಿ ಸದ್ದು, ಲಿಫ್ಟ್, ಆಮೇಲೆ ಬೇಸ್‌ಮೆಂಟ್. ಬಣ್ಣ ಬಳಿದ ನೆಲದ ಮೇಲೆ ಟೈರು ಕಿರುಗುಟ್ಟುವುದು, ರಿವರ್ಸ್ ಸದ್ದು, ಪ್ರತಿಧ್ವನಿ: ಕಾರು ಹತ್ತುವ ಮೊದಲೇ ಪುಟ್ಟ ಜೀವ ಅರ್ಧ ಸೋತಿರುತ್ತದೆ. ಹಾಗಾಗಿ ಬೇಸ್‌ಮೆಂಟ್ ಪಾಠವನ್ನು ಕೊನೆಗಿಟ್ಟು, ಬೆಳಗ್ಗೆ 6ಕ್ಕೆ ಕಾರನ್ನು ಮನೆ ಮುಂದಿನ ರಸ್ತೆಗೆ ತಂದು ನಿಲ್ಲಿಸುತ್ತಿದ್ದೆ. ದಿನಕ್ಕೆ ಏಳೆಂಟು ಸಲ ಎಲ್ಲಿಗೂ ಹೋಗದೆ ಸುಮ್ಮನೆ ಕೀಲಿ ಅಲ್ಲಾಡಿಸಿ ಇಡುವುದೂ ಪಾಠವೇ.

ಎಂಜಿನ್ ಆಫ್, ಹಿಂದಿನ ಎರಡೂ ಬಾಗಿಲು ತೆರೆದು, ಲೀಶ್ ಸಡಿಲ ಬಿಟ್ಟು ಶುರು. ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿಯಬಹುದು ಎಂದು ಗೊತ್ತಾದ ನಾಯಿಗೆ ಕಾರು ಬೋನಿನಂತೆ ಕಾಣುವುದಿಲ್ಲ. ಹತ್ತಲಾಗದ ಗಿಡ್ಡ ನಾಯಿಯನ್ನು ಒಂದು ಕೈ ಎದೆಯಡಿ, ಇನ್ನೊಂದು ಹಿಂಗಾಲಿನಡಿ ಕೊಟ್ಟು ಎತ್ತಿ. ಕುತ್ತಿಗೆ ಪಟ್ಟಿ ಹಿಡಿದು ಎಳೆದರೆ ವಾರದ ಕೆಲಸ ಹಾಳು. ಬಹುಮಾನಕ್ಕೆ ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯ 8-10 ಚೂರು, ಒಂದೊಂದೂ ಕಡಲೆಕಾಳಿನಷ್ಟು. ಸಸ್ಯಾಹಾರಿ ಮನೆಯವರಿಗೆ ಪನೀರ್. ಮೂರು ನಿಮಿಷಕ್ಕೆ ಮುಗಿಸಿ, ದಿನಕ್ಕೆ ಎರಡು ಸಲ. ಆಮೇಲೆ ಬಾಗಿಲು ಮುಚ್ಚಿ; ಆಮೇಲೆ ಎಂಜಿನ್ ಆನ್, ಎಸಿ ಗಾಳಿ ಮುಖಕ್ಕೆ ಬಡಿಯದಂತೆ; ಆಮೇಲೆ ಒಂದು ಕಾರಿನುದ್ದ ಹಿಂದೆ ಮುಂದೆ; ಆಮೇಲೆ ಕ್ರಾಸ್ ತನಕ ಹೋಗಿ ವಾಪಸ್.

ಮುಂದಿನ ಹಂತಕ್ಕೆ ಹೋಗುವ ಅಳತೆ ಒಂದೇ: ಸತತ ಮೂರು ಸಲ ಮೈ ಸಡಿಲ ಬಿಟ್ಟು ತಿನ್ನಬೇಕು. ಕೋಳಿ ಕೊಟ್ಟರೂ ಮುಖ ತಿರುಗಿಸಿದರೆ ಅವಸರ ಮಾಡಿದ್ದೀರಿ ಎಂದರ್ಥ, ಒಂದು ಹಂತ ಹಿಂದೆ ಬನ್ನಿ. ನಮ್ಮ ನಾಯಿಗೆ ಕ್ರಾಸ್ ದಾಟುವಷ್ಟಕ್ಕೇ ಆರು ವಾರ ಹಿಡಿಯಿತು. ಎಲ್ಲರೂ ಎಡವುವುದು ಇಲ್ಲೇ: ಎರಡು ದಿನ ಚೆನ್ನಾಗಿ ಕೂತಿತೆಂದು ಮೂರನೇ ದಿನ ಟ್ರಾಫಿಕ್‌ಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ಕಡೆ ಹೊರಟುಬಿಡುತ್ತಾರೆ.

ಡ್ರೈವ್ ಮಾಡುವವರಿಗೂ ಪಾಠ ಇದೆ. ನಮ್ಮ ಹಂಪ್‌ಗಳು ಒಂದರಂತೆ ಒಂದಿಲ್ಲ. ಫಸ್ಟ್ ಗೇರಿನಲ್ಲಿ, ನಡಿಗೆ ವೇಗದಲ್ಲಿ ದಾಟಿಸಿ. ಬೈಕಿನವರ ಹಾರ್ನ್ ಕಿವಿ ಪಕ್ಕದಲ್ಲೇ ಕೂಗದಂತೆ ಗಾಜು ಏರಿಸಿಡಿ. ಭಾನುವಾರ ಬೆಳಗ್ಗೆ ಏಳರೊಳಗೆ ಬೆಂಗಳೂರಿನ ರಸ್ತೆ ನಾಯಿಗೂ ಒಪ್ಪುತ್ತದೆ. ಡ್ಯಾಶ್‌ಬೋರ್ಡಿನ ಸುಗಂಧದ ಡಬ್ಬಿ ತೆಗೆದಿಡಿ, ಕರ್ಪೂರದ ಪೊಟ್ಟಣವನ್ನೂ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ಗಟ್ಟಿ ಬ್ರೇಕಿಗೆ ಆರು ಕೆಜಿಯ ನಾಯಿ ಕೈಯಲ್ಲಿ ನಿಲ್ಲದು, ಮುಂದಿನ ಸೀಟಾದರೆ ಏರ್‌ಬ್ಯಾಗ್ ಅಪಾಯ ಬೇರೆ. ಎದ್ದು ನಿಂತು ಸುತ್ತು ತಿರುಗುವಷ್ಟು ಜಾಗವಿರುವ ಕ್ಯಾರಿಯರನ್ನು (ನಾಯಿ ಒಯ್ಯುವ ಪೆಟ್ಟಿಗೆ) ಮುಂದಿನ ಸೀಟಿನ ಹಿಂದೆ, ನೆಲದ ಮೇಲೆ ಅಲ್ಲಾಡದಂತೆ ಇಡಿ. ಒಳಗೆ ನಾಲ್ಕು ಮಡಿಕೆ ಹಳೆ ಕಾಟನ್ ಸೀರೆ. ಮನೆಯ ವಾಸನೆಯೂ ಇರುತ್ತದೆ, ಒಗೆಯುವುದೂ ಸುಲಭ. ಮೊದಲು ಒಂದು ವಾರ ಕ್ಯಾರಿಯರ್ ಮನೆಯ ಹಾಲ್‌ನಲ್ಲೇ ಇರಲಿ, ಊಟ ಅದರೊಳಗೇ. ವಾಂತಿಯಾದರೆ ಫಿನಾಯಿಲ್ ಬೇಡ, ಅಡುಗೆ ಸೋಡಾ ನೀರಲ್ಲಿ ಒರೆಸಿ ಗಾಳಿಗೆ ಬಿಡಿ. ತರಕಾರಿ ತರಲೆಂದು ನಾಯಿಯನ್ನು ಗಾಜು ಏರಿಸಿದ ಕಾರಿನಲ್ಲಿ ಬಿಡುವುದಂತೂ ಕೂಡದು. ಬಿಸಿಲಲ್ಲಿ ಹತ್ತೇ ನಿಮಿಷಕ್ಕೆ ಒಳಗಿನ ಶಾಖ ಸುಮಾರು 10 ಡಿಗ್ರಿ ಏರುತ್ತದೆ. ಪಗ್, ಶಿಟ್ಜುವಿನಂಥ ಚಪ್ಪಟೆ ಮೂತಿಯವು ಮೊದಲು ಕುಸಿಯುತ್ತವೆ.

ಕಾರು ಹತ್ತಿದಾಗೆಲ್ಲ ಸೂಜಿಯೇ ಸಿಕ್ಕರೆ ಯಾವ ನಾಯಿ ತಾನೇ ಬರುತ್ತದೆ? ಹತ್ತು ಸಲ ಹೊರಟರೆ ಒಂಬತ್ತು ಸಲ ಕಬ್ಬನ್ ಪಾರ್ಕಿಗೋ, ನಾಯಿ ಇಷ್ಟಪಡುವವರ ಮನೆಗೋ ಹೋಗಿ. ಹತ್ತನೆಯದು ಕ್ಲಿನಿಕ್ಕಿಗೇ ಆದರೂ ತೂಕ ನೋಡಿಸಿ, ಕಾಂಪೌಂಡರ್ ಕೈಯಿಂದ ಒಂದು ಚೂರು ಕೋಳಿ ಕೊಡಿಸಿ, ಹಾಗೇ ವಾಪಸ್ ಕರೆತನ್ನಿ.