ಮಳೆಗಾಲಕ್ಕೆ ಮನೆಯಲ್ಲೊಂದು ಒಣ ಕೋಣೆ

ಮಲೆನಾಡಿಗೆ ಹೊಸದಾಗಿ ಬಂದ ಸೊಸೆಯಂದಿರು, ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲು ವಾಪಸ್ ಬಂದ ಹುಡುಗರು ಜುಲೈ ತಿಂಗಳಲ್ಲಿ ಕೇಳುವ ಪ್ರಶ್ನೆ ಒಂದೇ. ಇದೆಲ್ಲ ಯಾವಾಗ ಒಣಗುತ್ತದೆ? ಒಣಗುವುದಿಲ್ಲ ಅಂತಲೇ ನಾನು ಹೇಳುತ್ತೇನೆ. ಇಡೀ ಮನೆ ಒಣಗಿಸಲು ಹೋಗಿ ಸುಮ್ನೆ ಸುಸ್ತಾಗಬೇಡಿ. ಒಂದೇ ಒಂದು ಜಾಗ ಒಣದಾಗಿ ಇಟ್ಟುಕೊಳ್ಳಿ. ಹಾಳಾಗಬಾರದ್ದನ್ನೆಲ್ಲ ಅಲ್ಲಿಗೆ ಸೇರಿಸಿ. ಉಳಿದದ್ದು ಹಸಿಯಾಗಿಯೇ ಇರಲಿ, ಹಸ್ತ ಮಳೆ ಕಳೆದ ಮೇಲೆ ನೋಡಿಕೊಂಡರಾಯ್ತು.

ನಮ್ಮದು ಹೊಸನಗರದ ಕಡೆ. ಹುಲಿಕಲ್ಲು, ಆಗುಂಬೆ ಎರಡೂ ಅಂಥ ದೂರವಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿಲಿಮೀಟರ್ ಬಿದ್ದ ದಾಖಲೆ ಇದೆ. ಶಿವಮೊಗ್ಗ ಪೇಟೆಯಲ್ಲಿ ಇಡೀ ವರ್ಷ ಬಿದ್ದರೂ ಆಗುಂಬೆಯ ಕಾಲು ಭಾಗ ಆಗುವುದಿಲ್ಲ. ಹಾಗಾಗಿ ಪೇಟೆಯವರು ಕೊಡುವ ಮಳೆಗಾಲದ ಸಲಹೆ ತೀರ್ಥಹಳ್ಳಿ ದಾಟಿದರೆ ನಡೆಯುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿರುವ ನಮ್ಮ ಹುಡುಗರ ಕಷ್ಟ ಇನ್ನೊಂದು ಬಗೆ. ಅಲ್ಲಿ ತಿಂಗಳುಗಟ್ಟಲೆ ಬಾಗಿಲ ಮುಂದಿನ ಹಿಮ ಗೋರಬೇಕು. ಆದರೆ ಹೀಟರು ಹಾಕಿದ ಮನೆಯೊಳಗೆ ಗಾಳಿ ಒಣಗಿ ತುಟಿ ಒಡೆಯುತ್ತದಂತೆ. ಅದಕ್ಕೆ ಗಾಳಿಗೆ ತೇವ ಬಿಡುವ ಯಂತ್ರ ದುಡ್ಡು ಕೊಟ್ಟು ತರುತ್ತಾರೆ. ನಮ್ಮಲ್ಲಿಂದ ಒಂದು ಲೋಡು ತೇವ ಕಳಿಸುವ ಹಾಗಿದ್ದರೆ ಚೆನ್ನಾಗಿತ್ತು ಅಲ್ವಾ?

ಹಳೇ ಮನೆಗಳಲ್ಲಿ ಒಣ ಜಾಗ ತಾನಾಗಿಯೇ ಇರುತ್ತಿತ್ತು. ಅಡುಗೆ ಒಲೆಯ ಮೇಲಿನ ಅಟ್ಟ, ಬಚ್ಚಲೊಲೆಗೆ ತಾಗಿದ ಗೋಡೆ. ಬೆಳಗಿನಿಂದ ರಾತ್ರಿವರೆಗೆ ಹೊಗೆ, ಶಾಖ ಮೇಲೇರಿ ಬಿತ್ತನೆ ಬೀಜ, ಕಾಳುಮೆಣಸು, ಹಪ್ಪಳದ ಡಬ್ಬ ಎಲ್ಲವನ್ನೂ ಕಾಯುತ್ತಿತ್ತು. ಈಗಿನ ಆರ್‌ಸಿಸಿ ಮನೆಯಲ್ಲಿ ಅಟ್ಟವೂ ಇಲ್ಲ, ಸೌದೆ ಒಲೆಯೂ ಇಲ್ಲ. ಗ್ಯಾಸ್ ಒಲೆಯಿಂದ ಆ ಕೆಲಸ ಆಗುವುದಿಲ್ಲ. ಗ್ಯಾಸ್ ಉರಿಯುವಾಗಲೇ ನೀರಾವಿ ಹುಟ್ಟುತ್ತದೆ, ಅದು ಮನೆಯೊಳಗೇ ಸುತ್ತುತ್ತದೆ. ಹಾಗಾಗಿ ಇರುವುದರಲ್ಲಿ ಚಿಕ್ಕ ಕೋಣೆಯೊಂದನ್ನು ಆರಿಸಿಕೊಳ್ಳಿ. ಪಡುವಣ ದಿಕ್ಕಿನ ಕೋಣೆ ಬೇಡ. ನಮ್ಮಲ್ಲಿ ಗಾಳಿಮಳೆ ಬಡಿಯುವುದೇ ಆ ಕಡೆಯಿಂದ. ಎರಚಲು ಹೊಡೆದು ಹೊಡೆದು ಆ ಗೋಡೆ ಒಳಗಿನವರೆಗೂ ನೆನೆಯುತ್ತದೆ. ಅದಕ್ಕೇ ಹಿರಿಯರು ಮೇ ತಿಂಗಳಲ್ಲೇ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ನೀಲಿ ಟಾರ್ಪಾಲು ಬಂದಿದೆ. ಟಾರ್ಪಾಲನ್ನು ಗೋಡೆಗೆ ಅಂಟಿಸಿ ಕಟ್ಟಬೇಡಿ, ಗಾಳಿಯಾಡಲು ಒಂದು ಗೇಣು ಜಾಗ ಬಿಡಿ. ಇಲ್ಲದಿದ್ದರೆ ಒಳಗೇ ಬೆವರಿ ಗೋಡೆ ಇನ್ನಷ್ಟು ಕಪ್ಪಾಗುತ್ತದೆ.

ಆ ಕೋಣೆಯ ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ. ಒಳಗೆ ತುರುಕಿ ತುಂಬಬೇಡಿ. ಮೊದಲೆಲ್ಲ ಬೀರುವಿನ ತಳದಲ್ಲಿ 40 ವ್ಯಾಟಿನ ಬಲ್ಬು ಉರಿಸಿಡುತ್ತಿದ್ದರು. ಆ ಶಾಖಕ್ಕೆ ಬೂಷ್ಟು ಹತ್ತುತ್ತಿರಲಿಲ್ಲ. ಇದನ್ನು ಕೇಳಿ ಈಗಿನವರು ಎಲ್‌ಇಡಿ ಬಲ್ಬು ಹಾಕಿ ಕಾಯುತ್ತಾರೆ. ಎಲ್‌ಇಡಿ ಬೆಳಕು ಕೊಡುತ್ತದೆ, ಶಾಖ ಕೊಡುವುದು ಅಷ್ಟಕ್ಕಷ್ಟೆ. ಹಳೇ ಬಲ್ಬು ಸಿಕ್ಕಿದರೂ ಬಟ್ಟೆಗೆ ತಾಗದ ಹಾಗೆ ಜಾಲರಿಯೊಳಗೆ ಇಡಬೇಕು, ಮನೆಯಲ್ಲಿ ಯಾರಾದರೂ ಇದ್ದಾಗ ಮಾತ್ರ ಹಾಕಬೇಕು. ತೇವ ಹೀರುವ ಯಂತ್ರ ತರುವ ಶಕ್ತಿ ಇದ್ದರೆ ತನ್ನಿ. ಆದರೆ ಬಾಗಿಲು, ಕಿಟಕಿ ಮುಚ್ಚಿದ ಆ ಒಂದು ಕೋಣೆಯಲ್ಲೇ ಇಡಿ. ಹಜಾರದಲ್ಲಿಟ್ಟರೆ ಅದು ಇಡೀ ಹೊಸನಗರ ತಾಲೂಕಿನ ತೇವ ಹೀರಲು ಹೊರಡುತ್ತದೆ, ಕರೆಂಟ್ ಬಿಲ್ಲು ನಿಮಗೆ ಬರುತ್ತದೆ.

ರೇಷ್ಮೆ ಸೀರೆಗೆ ಪ್ಲಾಸ್ಟಿಕ್ ಕವರು ಬೇಡ. ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ. ಮಳೆ ಹೊಳವಾದ ದಿನ ಮಡಿಕೆ ಬದಲಿಸಿ ಗಾಳಿಗೆ ಹಾಕಿ. ಜಮೀನಿನ ಪತ್ರ, ಮಕ್ಕಳ ಅಂಕಪಟ್ಟಿಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಆದರೆ ಬೇಸಿಗೆಯ ಒಣ ದಿನವೇ ತುಂಬಿಡಬೇಕು. ಜುಲೈನಲ್ಲಿ ತುಂಬಿದರೆ ತೇವವನ್ನೂ ಜೊತೆಗೆ ಮುಚ್ಚಿಟ್ಟ ಹಾಗಾಯ್ತು. ಮಾತ್ರೆ ಡಬ್ಬಿಯಲ್ಲಿ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನು ಮಾತ್ರೆ ಮುಗಿಯುವವರೆಗೆ ತೆಗೆಯಬೇಡಿ. ಹಿರಿಯರ ಕಿವಿ ಯಂತ್ರಕ್ಕೂ ರಾತ್ರಿ ಅಂಥದ್ದೊಂದು ಡಬ್ಬಿ ಮಾಡಿಕೊಡಿ. ಅದು ಕೆಟ್ಟರೆ ಇಡೀ ಮನೆಯವರು ಕೂಗಿ ಮಾತಾಡಬೇಕಾಗುತ್ತದೆ.

ಬಟ್ಟೆಯದೇ ದೊಡ್ಡ ತಲೆನೋವು. ದಿನಾ ಸ್ವಲ್ಪ ಸ್ವಲ್ಪ ಒಗೆಯಿರಿ, ವಾರದ್ದು ಒಟ್ಟು ಮಾಡಬೇಡಿ. ಮೆಷಿನ್ನಿದ್ದರೆ ಎರಡು ಸಲ ಸ್ಪಿನ್ ಮಾಡಿ. ಇಲ್ಲದಿದ್ದರೆ ಒಣ ಟವೆಲ್ಲಿನೊಳಗೆ ಸುರುಳಿ ಸುತ್ತಿ ಹಿಂಡಿ. ಹಗ್ಗಕ್ಕೆ ಹಾಕುವಾಗ ಎರಡು ಬಟ್ಟೆಯ ನಡುವೆ ಜಾಗ ಬಿಡಿ, ಮೇಲೆ ಫ್ಯಾನು ತಿರುಗಲಿ. ಬೇಗ ಒಣಗಬೇಕಾದ್ದು ಮೊದಲು ಒಳಬಟ್ಟೆ, ಆಮೇಲೆ ಮಕ್ಕಳ ಸ್ಕೂಲ್ ಯೂನಿಫಾರ್ಮ್. ಉಳಿದದ್ದು ಕಾಯಲಿ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟುವುದಾದರೆ ಕೈಯೆತ್ತಿದರೂ ಸಿಗದಷ್ಟು ಎತ್ತರಕ್ಕೆ ಕಟ್ಟಿ. ನೈಲಾನ್ ಸೀರೆ ಅಲ್ಲಿ ಬೇಡವೇ ಬೇಡ, ಒಂದು ಕಿಡಿ ಸಾಕು. ಮುಗ್ಗಲು ವಾಸನೆ ಬಂದ ಬಟ್ಟೆಗೆ ಸೆಂಟು ಹಾಕಬೇಡಿ. ಬಿಸಿನೀರಿನಲ್ಲಿ ಇನ್ನೊಮ್ಮೆ ಅದ್ದಿ ತೆಗೆಯಿರಿ. ಅಡಿಕೆಗೆ ಕೊಳೆ ಮದ್ದು ಹೊಡೆದವರ ಬಟ್ಟೆಗೆ ಬೇರೆ ಬಕೆಟ್ಟಿಡಿ. ಮೈಲುತುತ್ತದ ನೀಲಿ ಬಿಳಿ ಪಂಚೆಗೆ ಹತ್ತಿದರೆ ಜನ್ಮದಲ್ಲಿ ಹೋಗುವುದಿಲ್ಲ.

ಅಡುಗೆಮನೆಗೆ ಬನ್ನಿ. ಗಾಳಿಯಲ್ಲಿ ತೇವ ನೂರಕ್ಕೆ 75 ದಾಟಿದರೆ ಉಪ್ಪು ನೀರು ಕುಡಿಯಲು ಶುರು ಮಾಡುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಉಪ್ಪಿನ ಡಬ್ಬಿಗೆ ಒಂದು ಹಿಡಿ ಹುರಿದ ಅಕ್ಕಿ ಹಾಕಿ, ದಿನದ ಬಳಕೆಗೆ ಚಿಕ್ಕ ಡಬ್ಬಿ ಬೇರೆ ಇಡಿ. ಬೆಂಕಿಪೊಟ್ಟಣ ಅಕ್ಕಿ ಡಬ್ಬದೊಳಗೆ ಹುಗಿದಿಟ್ಟರೆ ಗೀರಿದ ತಕ್ಷಣ ಹತ್ತುತ್ತದೆ. ಮಿಡಿ ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದವರನ್ನು ನಾನು ಬೈಯದೆ ಬಿಡುವುದಿಲ್ಲ. ದೊಡ್ಡ ಜಾಡಿ ತೆರೆಯುವುದು ತಿಂಗಳಿಗೊಮ್ಮೆ, ಅದೂ ಹೊಳವಾದ ದಿನ. ದೋಸೆ ಹಿಟ್ಟು ಚಳಿಗೆ ಹುದುಗುವುದಿಲ್ಲ. ರುಬ್ಬುವಾಗ ಉಗುರು ಬೆಚ್ಚಗಿನ ನೀರು ಹಾಕಿ, ಮೆಂತ್ಯ ಸ್ವಲ್ಪ ಜಾಸ್ತಿ ನೆನೆಸಿ, ಪಾತ್ರೆಯನ್ನು ಬಚ್ಚಲೊಲೆ ಪಕ್ಕ ಇಡಿ. ಒಲೆ ಇಲ್ಲದವರಿಗೆ ಚಪಾತಿಯ ಹಾಟ್ ಬಾಕ್ಸ್ ಇದೆಯಲ್ಲ, ಮೊಸರಿಗೂ ಹಿಟ್ಟಿಗೂ ಅದೇ ಸಾಕು. ಮೇಲೆ ಜಾಗ ಬಿಟ್ಟು ತುಂಬಿ.

ಸೌದೆ ಒಲೆ ಇರುವವರು ನಾಳೆಯ ಸೌದೆಯನ್ನು ಇವತ್ತೇ ಒಲೆ ಪಕ್ಕ ತಂದಿಡಿ. ಹತ್ತಿಸಲು ಕರಟದ ಚೂರು, ಒಣ ಅಡಿಕೆ ಸಿಪ್ಪೆ ಸಾಕು, ಸೀಮೆಎಣ್ಣೆ ಸುರಿಯುವ ಚಟ ಬೇಡ. ರಾತ್ರಿ ಸೌದೆ ರಾಶಿಗೆ ಕೈ ಹಾಕುವ ಮೊದಲು ಟಾರ್ಚ್ ಬಿಡಿ. ಮಳೆಗೆ ಬೆಚ್ಚಗಿನ ಜಾಗ ಹುಡುಕುವುದು ನಾವು ಮಾತ್ರವಲ್ಲ, ಹಾವೂ ಅಲ್ಲಿಗೇ ಬರುತ್ತದೆ. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಚಳಿ ಅಂತ ಕೆಂಡದ ಬಾಣಲೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಬೇಡಿ. ಕೆಂಡದಿಂದ ಏಳುವ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಬಾಣಂತಿ ಕೋಣೆಗೂ ಇದೇ ಮಾತು, ಅಜ್ಜಿಯರು ಏನೇ ಹೇಳಲಿ.

ಅಂಗಳದ ಪಾಚಿ ನಮ್ಮ ವಯಸ್ಸಿನವರ ಸೊಂಟಕ್ಕೆ ದೊಡ್ಡ ಶತ್ರು. ಬಾಗಿಲಿನಿಂದ ಕೊಟ್ಟಿಗೆಗೆ, ಬಾವಿಗೆ ಹೋಗುವ ದಾರಿಗಾದರೂ ಅಡಿಕೆ ಸೋಗೆ ಹಾಸಿ. ಸಿಮೆಂಟ್ ಅಂಗಳವಾದರೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಿ. ಅದರ ಜೊತೆ ಕಕ್ಕಸು ತೊಳೆಯುವ ಆ್ಯಸಿಡ್ ಬೆರೆಸಬೇಡಿ, ಏಳುವ ಗಾಳಿ ಎದೆಗೆ ಹಿಡಿಯುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳನ್ನು ವಾರಕ್ಕೊಮ್ಮೆ ಮಗುಚಿ ಹಾಕಿ. ಒಂದೊಂದು ಹಾಳೆಯಲ್ಲೂ ಲೋಟದಷ್ಟು ನೀರು ನಿಲ್ಲುತ್ತದೆ, ಡೆಂಗಿ ಸೊಳ್ಳೆಗೆ ಅಷ್ಟು ಸಾಕು. ಮನೆ ಮುಂದಿನ ಚರಂಡಿ ತೊಳೆದು ಹಿತ್ತಲ ಹಾಳೆ ಮರೆಯುವವರೇ ಜಾಸ್ತಿ.

ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಹತ್ತಿದರೆ ಹೊಸಬರು ಕಿರುಚುತ್ತಾರೆ. ಕಿತ್ತು ಎಳೆಯಬೇಡಿ. ಸ್ವಲ್ಪ ಉಪ್ಪೋ ಸುಣ್ಣವೋ ಮುಟ್ಟಿಸಿದರೆ ತಾನೇ ಉದುರುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಒಂದು ರಸ ಬಿಡುವುದರಿಂದ ಗಾಯ ಚಿಕ್ಕದಾದರೂ ಬಹಳ ಹೊತ್ತು ಸೋರುತ್ತದೆ. ಸೋಪು ಹಾಕಿ ತೊಳೆದು ಒಣ ಬಟ್ಟೆ ಒತ್ತಿ ಹಿಡಿಯಿರಿ. ತೋಟಕ್ಕೆ ಹೋಗುವ ಮೊದಲು ಕಾಲಿಗೆ ಹೊಗೆಸೊಪ್ಪಿನ ನೀರು ಸವರುವವರಿದ್ದಾರೆ. ಒಣ ಸೋಪನ್ನು ತಿಕ್ಕಿಕೊಂಡರೂ ಸ್ವಲ್ಪ ಹೊತ್ತು ತಡೆಯುತ್ತದೆ. ನಿಜ ಹೇಳಬೇಕೆಂದರೆ ಉಂಬಳ ಕಿರಿಕಿರಿ ಅಷ್ಟೆ. ಹೆದರಬೇಕಾದ್ದು ಬೇಸಿಗೆಯ ಉಣುಗಿಗೆ, ಅಂದರೆ ಉಣ್ಣೆ ಹುಳಕ್ಕೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಮೊದಲು ಗೊತ್ತಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುತ್ತದೆ. ಮಳೆ ಹಿಡಿದ ಮೇಲೆ ಅದರ ಕಾಟ ಇಳಿಯುತ್ತದೆ. ಮಳೆಗಾಲದ ಉಪಕಾರದಲ್ಲಿ ಇದನ್ನೂ ಲೆಕ್ಕ ಹಿಡಿಯಿರಿ.

ಕೆಸರುಹುಣ್ಣಿಗೆ ಮದ್ದು ಹುಡುಕುವ ಮೊದಲು ಬೆರಳ ಸಂದಿ ಒರೆಸಿಕೊಳ್ಳುವ ಅಭ್ಯಾಸ ಮಾಡಿ. ಸಂಜೆ ಬಿಸಿನೀರಿನಲ್ಲಿ ಕಾಲು ತೊಳೆದು, ಒಣಗಿಸಿ, ಕೊಬ್ಬರಿ ಎಣ್ಣೆ ಹಚ್ಚಿ. ಅರೆದ ಮದರಂಗಿ ಸೊಪ್ಪು ಕಟ್ಟುವುದೂ ನಮ್ಮ ಕಡೆ ವಾಡಿಕೆ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಮನೆಮದ್ದು ಬಿಟ್ಟು ಡಾಕ್ಟರಿಗೆ ತೋರಿಸಿ. ಗಾಯವಿದ್ದ ಕಾಲಲ್ಲಿ ಗದ್ದೆ ನೀರಿಗೆ ಇಳಿಯಬೇಡಿ. ಇಲಿ ಜ್ವರ ಬರುವುದು ಆ ದಾರಿಯಲ್ಲೇ. ಬಾವಿ ತುಂಬಿ ಕೈಗೆ ಸಿಗುವಷ್ಟು ಮೇಲೆ ಬಂದರೂ ಕುಡಿಯುವ ನೀರನ್ನು ಕೊತಕೊತ ಕುದಿಸಿಯೇ ಕುಡಿಯಿರಿ.

ಕರೆಂಟಿನ ವಿಷಯ ಜಾಸ್ತಿ ಹೇಳುವುದಿಲ್ಲ, ಹೇಳಿದರೆ ಬಿಪಿ ಏರುತ್ತದೆ. ಲೈನಿನ ಮೇಲೆ ಮರ ಬಿದ್ದರೆ ಮೂರು ನಾಲ್ಕು ದಿನ ಕತ್ತಲೆ ಅಂತಲೇ ಇಟ್ಟುಕೊಳ್ಳಿ. ಇದ್ದಾಗ ಟ್ಯಾಂಕಿಗೆ ನೀರು ಹೊಡೆಯಿರಿ, ಫೋನು, ಟಾರ್ಚು ಚಾರ್ಜಿಗೆ ಹಾಕಿ, ಮಸಾಲೆ ರುಬ್ಬಿಡಿ. ಫ್ರಿಜ್ಜನ್ನು ಅದರ ಪಾಡಿಗೆ ಬಿಡಿ. ತೆಗೆದು ತೆಗೆದು ನೋಡಿದರೆ ಇದ್ದ ತಂಪೂ ಹೋಗುತ್ತದೆ.

ಇಷ್ಟೆಲ್ಲ ಕಾಟ ಕೊಡುವ ಕಾಲವನ್ನು ನಾವು ಬೇಸಿಗೆಯಿಡೀ ಕಾಯುತ್ತೇವಲ್ಲ, ಅದಕ್ಕೆ ಅರ್ಧ ಕಾರಣ ಊಟ. ಮೊದಲ ಮಳೆಗೆ ಪಕ್ಕದ ಮನೆಯವರು ಹೊಸ ನೀರಿಗೆ ಎದುರಾಗಿ ಹತ್ತಿ ಬರುವ ಹತ್ತುಮೀನಿಗೆ ಓಡುತ್ತಾರೆ. ನಮ್ಮ ಮನೆಯಲ್ಲಿ ಕಳಲೆಗೆ, ಅಂದರೆ ಎಳೆ ಬಿದಿರ ಮೊಳಕೆಗೆ ಕಾಯುತ್ತೇವೆ. ಕಳಲೆ ಸಣ್ಣಗೆ ಹೆಚ್ಚಿ ಮೂರು ದಿನ ನೀರಿನಲ್ಲಿಡಬೇಕು, ದಿನಾ ನೀರು ಬದಲಿಸಬೇಕು, ಆಮೇಲೆ ಚೆನ್ನಾಗಿ ಬೇಯಿಸಬೇಕು. ಕಹಿಗಾಗಿ ಮಾತ್ರವಲ್ಲ, ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ಯೂಟ್ಯೂಬ್ ನೋಡಿ ಅರ್ಧ ಗಂಟೆಯಲ್ಲಿ ಪಲ್ಯ ಮಾಡಬೇಡಿ. ಪತ್ರೊಡೆಗೆ ಕೆಸುವಿನ ಎಲೆಯ ದಪ್ಪ ನಾರು ತೆಗೆಯಿರಿ, ಹುಣಸೆ ಧಾರಾಳ ಹಾಕಿ, ಹಬೆಯಲ್ಲಿ ಪೂರ್ತಿ ಬೇಯಿಸಿ. ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕಿದರೆ ಅದಕ್ಕಿಂತ ಭಾಗ್ಯ ಬೇರಿಲ್ಲ. ಅಣಬೆ ಮಾತ್ರ ಗುರುತಿದ್ದವರು ಕಿತ್ತು ಕೊಟ್ಟರೆ ತಿನ್ನಿ. ಬೆಳ್ಳುಳ್ಳಿ ಕಪ್ಪಾದರೆ ವಿಷ, ಬೆಳ್ಳಿ ಚಮಚ ಕಪ್ಪಾದರೆ ವಿಷ ಅನ್ನುವ ಪರೀಕ್ಷೆಗಳನ್ನು ನಂಬಬೇಡಿ. ಸಂಜೆಗೆ ಸುಟ್ಟ ಹಲಸಿನ ಹಪ್ಪಳ, ಒಂದು ಚೂರು ಹಸಿ ಕಾಯಿ, ಜೀರಿಗೆ, ಕೊತ್ತಂಬರಿ, ಮೆಣಸಿನ ಬಿಸಿ ಕಷಾಯ. ಬಚ್ಚಲ ಹಂಡೆಯಲ್ಲಿ ಯಾವಾಗಲೂ ಬಿಸಿನೀರು. ಧೂಳಿಲ್ಲ, ನೆಂಟರ ಮದುವೆಗಳಿಲ್ಲ. ಆಷಾಢದ ಮಧ್ಯಾಹ್ನ ಕಂಬಳಿ ಹೊದ್ದು ಮಲಗಿದರೆ ಯಾರೂ ಏಳಿ ಅನ್ನುವುದಿಲ್ಲ. ಪುನರ್ವಸು ಮಳೆ ಹೊತ್ತಿಗೆ ತುಂಗಾ ಹೊಳೆ ತುಂಬಿ ತೀರ್ಥಹಳ್ಳಿಯಲ್ಲಿ ರಾಮಮಂಟಪ ಮುಳುಗಿತೋ ಇಲ್ಲವೋ, ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಮಂಟಪ ಮುಳುಗಿತೋ ಇಲ್ಲವೋ ಅಂತ ಫೋನಿನಲ್ಲಿ ವಿಚಾರಿಸುವುದೇ ಒಂದು ಕೆಲಸ.

ಆ ಹೊತ್ತಿಗೆ ಸರಿಯಾಗಿ ಬೆಂಗಳೂರಿನ ನೆಂಟರು ಜೋಗ ನೋಡಲು ಹೊರಡುತ್ತಾರೆ. ಬರಲಿ, ಸಂತೋಷ. ಆದರೆ ಫೋನಿನಲ್ಲೇ ಎರಡು ಮಾತು ಹೇಳಿಬಿಡಿ. ಒಂದು, ಜಾರದ ಚಪ್ಪಲಿ ಇನ್ನೊಂದು ಜೊತೆ ತನ್ನಿ. ಎರಡು, ಜೀನ್ಸ್ ಪ್ಯಾಂಟ್ ತರಬೇಡಿ. ಅದು ನೆನೆದರೆ ಅವರು ಹೊರಡುವ ದಿನಕ್ಕೂ ಒಣಗುವುದಿಲ್ಲ. ಕೊನೆಗೆ ಒಣ ಕೋಣೆಯ ಹಗ್ಗದ ಮೇಲೆ ಬಿಟ್ಟು ಹೋಗುತ್ತಾರೆ, ದಸರೆಗೆ ಬರುವಾಗ ತೆಗೆದುಕೊಂಡು ಹೋಗುತ್ತೇವೆ ಅತ್ತೆ ಅನ್ನುತ್ತಾರೆ. ಅಲ್ಲಿಯವರೆಗೆ ಅದನ್ನು ಮಗುಚಿ ಹಾಕುವವರು ಯಾರು?