ಹೆಪ್ಪಿಗೆ ಮೊಸರು ಕೇಳಲು ಹೋದವರು

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ." ಹಾವೇರಿ ಕಡೆ ಸ್ತ್ರೀಶಕ್ತಿ ಸಂಘಗಳ ಜೊತೆ ಕೆಲಸ ಮಾಡುವಾಗ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಉಂಡು ಮಲಗಿದರೆ ಮುಗಿಯುವ ಜಗಳವಲ್ಲ ಇದು.

ಮೊದಲ ಸಭೆಯಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾನೂನನ್ನು ಓದಿ ಹೇಳಿದೆ. ಯಾರೂ ತಲೆ ಎತ್ತಲಿಲ್ಲ. ಸೊಸೆಯ ಪಕ್ಕದಲ್ಲೇ ಅತ್ತೆ ಕೂತಿದ್ದರು. ಅಂಥಲ್ಲಿ ಯಾರು ಬಾಯಿ ಬಿಡುತ್ತಾರೆ? ಕರಪತ್ರವನ್ನೂ ಮನೆಗೆ ಒಯ್ಯಲಿಲ್ಲ. ಗಂಡನ ಕಣ್ಣಿಗೆ ಬಿದ್ದರೆ ಅದಕ್ಕೇ ಇನ್ನೆರಡು ಏಟು.

ಮುಂದಿನ ವಾರ ಬೇರೆ ಪ್ರಶ್ನೆ ಕೇಳಿದೆ. "ರಾತ್ರಿ ಪಕ್ಕದ ಮನೆಯಿಂದ ಕೂಗು ಕೇಳಿದರೆ ಏನು ಮಾಡ್ತೀರಿ?"

"ಟಿವಿ ಸೌಂಡ್ ಜಾಸ್ತಿ ಮಾಡ್ತೀವ್ರೀ."

ಯಾರೂ ನಗಲಿಲ್ಲ. "ಹೇಳಾಕ ಹೋದ್ರ ನಮ್ಮ ಮ್ಯಾಲೇ ಕೇಸ್ ಹಾಕ್ತಾರ್ರಿ" ಅಂದರು ಇನ್ನೊಬ್ಬರು. ಈ ಭಯಕ್ಕೆ ಕಾನೂನಿನಲ್ಲೇ ಉತ್ತರವಿದೆ. ಹಿಂಸೆ ನಡೆಯುತ್ತಿದೆ ಅನ್ನಿಸಿದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ, 4ನೇ ಕಲಂ ಇದೆ. ಆ ಅಧಿಕಾರಿ ಅಂದರೆ ಅಂಗನವಾಡಿ ನೋಡಲು ಬರುವ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೇಡಂ ಅಂದಾಗ ಎಲ್ಲರೂ ನನ್ನ ಕಡೆ ತಿರುಗಿದರು.

ಆದರೆ ಕೂಗು ಕೇಳಿದ ಆ ಹೊತ್ತಿನಲ್ಲೇ ಹೋಗಿ ಬಾಗಿಲು ಬಡಿದು ಏನು ಹೇಳೋದು? ದಾರಿ ತೋರಿಸಿದ್ದು ಒಬ್ಬ ಅಜ್ಜಿ. "ಹೆಪ್ಪಿಗೆ ಮೊಸರು ಕೇಳ್ರಿ." ಹಾಲಿಗೆ ಹೆಪ್ಪು ಹಾಕುವುದು ರಾತ್ರಿಯೇ ಅಲ್ವಾ, ಯಾರಿಗೂ ಅನುಮಾನ ಬರುವುದಿಲ್ಲ. ನಾನು ಎರಡು ಮಾತು ಸೇರಿಸಿದೆ. ಒಬ್ಬರೇ ಹೋಗಬೇಡಿ. ಹೊಡೆಯುವವನ ಕೈಯಲ್ಲಿ ಕುಡಗೋಲು, ಕೊಡಲಿ ಇದ್ದರೆ ಹತ್ತಿರ ಸುಳಿಯದೆ 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181 ಅನ್ನು ಬರೆದುಕೊಳ್ಳಲು ಹೇಳಲಿಲ್ಲ, ಬಾಯಿಪಾಠ ಮಾಡಿಸಿದೆ.

ತಿಂಗಳೊಳಗೆ ಮೂವರು ಹೆಂಗಸರು ಬಟ್ಟಲು ಹಿಡಿದು ಒಂದು ಬಾಗಿಲು ಬಡಿದರು. ಒಳಗಿನ ಸದ್ದು ನಿಂತಿತು. ಮೊಸರು ಹಾಕಿಕೊಟ್ಟ ಹುಡುಗಿಯ ಕೈ ನಡುಗುತ್ತಿತ್ತಂತೆ. ಅವರು ಅರ್ಧ ಗಂಟೆ ಅಲ್ಲೇ ಕಟ್ಟೆಯ ಮೇಲೆ ಕೂತರು.

ಕೆಲವು ದಿನಗಳ ನಂತರ ಆ ಹುಡುಗಿಯೇ ಬಂದು ಕೇಳಿದಳು: "ಹೇಳಿದ್ರ ನಾ ಮನಿ ಬಿಡಬೇಕಾಗ್ತದೇನ್ರಿ?" ಇಲ್ಲ, ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲಿ ಇರುವ ಹಕ್ಕು ನಿನಗಿದೆ ಅಂದೆ. ವಕೀಲರ ಫೀಸಿಗೂ ಹೆದರಬೇಡ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಸೋಮವಾರ ಸಿಡಿಪಿಒ ಕಚೇರಿಗೆ ಹೋದೆವು. ಆ ಮೂವರೂ ಕೂಲಿ ಬಿಟ್ಟು ಜೊತೆಗೆ ಬಂದಿದ್ದರು.