ಅಂಗಳದ ಬಿಸಿಲು ಮೂರನೇ ವರ್ಷಕ್ಕೆ ಕೈಗೆ ಸಿಕ್ಕಿತು

ಸಿರುಗುಪ್ಪ ಕಡೆಯ ನಮ್ಮ ದೊಡ್ಡವ್ವನ ಮನೆ ಅಂಗಳ. ಫೆಬ್ರವರಿ ತಿಂಗಳು, ಬೆಳಗ್ಗೆ ಹತ್ತೂವರೆ. ಬೇವಿನ ಮರದ ನೆರಳಲ್ಲಿ ಐದಾರು ಹೆಣ್ಮಕ್ಕಳು ಕೂತು ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿರುತ್ತಾರೆ. ರಾಶಿ ಮಾತ್ರ ಬಿಸಿಲಲ್ಲಿ. ಈ ಅಂಗಳದ ಚಿತ್ರವನ್ನು ಅಲ್ಲೇ ಕೂತು ಬರೆಯುತ್ತೇನೆ ಅಂದಾಗ ಬಳ್ಳಾರಿಯ ಗೆಳೆಯರು ಯಾರೂ ನಂಬಲಿಲ್ಲ. "ಫೋಟೋ ತಕ್ಕಂಡು ಮನ್ಯಾಗ ಕುಂತು ಬರಿಯಪ್ಪ" ಅಂದರು.

ಮೊದಲ ವರ್ಷ ಹಾಗೇ ಮಾಡಿದೆ. ಮೊಬೈಲ್ ಫೋಟೋದಲ್ಲಿ ನೆರಳೆಲ್ಲ ಕಪ್ಪು. ನಾನೂ ಕಪ್ಪು ಬಳಿದೆ, ಅಂಗಳ ಹಾಳುಬಾವಿಯಂತಾಯಿತು. ಎರಡನೇ ವರ್ಷ ಅಕ್ರಿಲಿಕ್, ನೀರಲ್ಲಿ ಕಲಸುವ ಬಣ್ಣ. ಕಲಸುವಷ್ಟರಲ್ಲೇ ಬಣ್ಣದ ಹಲಗೆ ಮೇಲೆ ಒಣಗಿ ಹೋಗುತ್ತಿತ್ತು. ಆಮೇಲೆ ಎಣ್ಣೆಬಣ್ಣಕ್ಕೆ ಬಂದೆ, ಆದರೆ ದುಡ್ಡು ಉಳಿಸಲು ಅಗ್ಗದ ಕೆಂಪು ತಂದೆ. ಚೂರು ಬಿಳಿ ಸೇರಿಸಿದರೂ ತಣ್ಣನೆಯ ಗುಲಾಬಿ! ಎಲ್ಲಾ ಸೇರಿ ಏಳೆಂಟು ಸಾವಿರ ನೀರಲ್ಲಿ ಹೋಯಿತು. ಕೆಂಪೊಂದರಲ್ಲಿ ಉಳಿತಾಯ ಬೇಡ, ಅಸಲಿ ಕ್ಯಾಡ್ಮಿಯಮ್ ಕೆಂಪೇ ತನ್ನಿ.

ಮೂರನೇ ವರ್ಷ ಹನ್ನೆರಡಕ್ಕೆ ಹದಿನಾರು ಇಂಚಿನ ನಾಲ್ಕು ಬೋರ್ಡ್ ಒಯ್ದೆ. ಒಂದೊಂದಕ್ಕೂ ದಿನಕ್ಕೆ ಮೂವತ್ತು-ನಲವತ್ತು ನಿಮಿಷ ಮಾತ್ರ. ಬಿಸಿಲು ಸರಿದರೆ ಬೋರ್ಡ್ ಬದಲು. ಫ್ರಾನ್ಸಿನ ಚಿತ್ರಕಾರ ಮೋನೆ 1892-93ರಲ್ಲಿ ಅಲ್ಲಿನ ರುವಾನ್ ಊರಿನ ಚರ್ಚನ್ನು ಹೀಗೇ ಬರೆದದ್ದು. ಆದರೆ ಅವನಿಗೆ ಎದುರಿದ್ದದ್ದು ಕಲ್ಲು, ನನಗೆ ಬೇವು. ಆ ತಿಂಗಳಲ್ಲಿ ಬೇವು ಎಲೆ ಉದುರಿಸುತ್ತದೆ, ಅಲ್ವಾ? ವಾರದಲ್ಲಿ ನೆರಳು ಅರ್ಧ ಖಾಲಿ. ಅದಕ್ಕೇ ನೆರಳನ್ನು ಮೊದಲ ದಿನವೇ ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನಾ ಅನ್ನುವ ಕೆಂಗಂದು ಬಣ್ಣದಲ್ಲಿ ಹಾಕಿ, ಮತ್ತೆ ಮುಟ್ಟಲಿಲ್ಲ. ಎಲೆ ಸಂದಿಯ ಬಿಸಿಲ ಚುಕ್ಕೆಗಳು ದುಂಡಗೇ ಇರುತ್ತವೆ. ನಾನು ಎರಡು ವರ್ಷ ಎಲೆಯಾಕಾರದಲ್ಲಿ ಬರೆದಿದ್ದೆ.

ನಾಲ್ಕನೇ ದಿನ ದೊಡ್ಡವ್ವ ತಲೆ ಬಗ್ಗಿಸಿದಳು. ಗದ್ದದ ಕೆಳಗೆ ಕೆಂಡದಂಥ ಕೆಂಪು! ರಾಶಿಗೆ ಬಿದ್ದ ಬಿಸಿಲು ಅಲ್ಲಿಂದ ಎದ್ದು ಅವಳ ಮುಖಕ್ಕೆ ಬರುತ್ತಿತ್ತು. ಒಂದೊಂದೇ ಕಾಯಿ ಬರೆಯುವುದನ್ನು ಅಲ್ಲಿಗೆ ಬಿಟ್ಟೆ. ಆ ಕೆಂಪನ್ನು ಗದ್ದಕ್ಕೆ, ಮೊಣಕೈಗೆ, ಬಿಳಿ ಸೆರಗಿನ ಒಳಮಗ್ಗುಲಿಗೆ ಇಟ್ಟೆ. ಕಣ್ಣು ಮೂಗು ಬರೆಯಲಿಲ್ಲ, ಮುಖಕ್ಕೆ ಮೂರೇ ಕುಂಚದೇಟು. ಆದರೂ ಪಕ್ಕದ ಮನೆ ಹುಡುಗ ನೋಡಿದ ಕೂಡಲೇ "ದೊಡ್ಡವ್ವ ಕುಂತಾಳ" ಅಂದ.

ನಡುವೆ ಇನ್ನೊಂದು ಪ್ರಯೋಗ. ಸಂಡೂರಿನ ಕೆಂಪು ಮಣ್ಣು ತಂದು, ನೀರಲ್ಲಿ ಕದಡಿ, ಮೇಲಿನ ತಿಳಿಗೆಂಪನ್ನು ಧೋತರದಲ್ಲಿ ಸೋಸಿ ಒಣಗಿಸಿದೆ. ಅಗಸೆ ಎಣ್ಣೆಯಲ್ಲಿ ಅರೆದು ಬೋರ್ಡಿಗೆ ತೆಳ್ಳಗೆ ಬಳಿದೆ. ಅದರ ಮೇಲೆ ನೀಲಿ ನೆರಳು ಉಸಿರಾಡುತ್ತದೆ. ಬೇಗ ಒಣಗಲು ಅದಕ್ಕೆ ಏನು ಸೇರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನಾಲ್ಕರಲ್ಲಿ ಎರಡು ನಿಂತವು. ಒಂದು ಇಪ್ಪತ್ತೆರಡು ಸಾವಿರಕ್ಕೆ ಹೋಯಿತು. ಫೋಟೋ ನೋಡಿ ಬರಿ ಅಂದಿದ್ದ ಗೆಳೆಯನೇ ಗಿರಾಕಿಯನ್ನು ಕರೆತಂದ. ಇನ್ನೊಂದು ದೊಡ್ಡವ್ವನ ಪಡಸಾಲೆಯಲ್ಲಿದೆ, ಕೊಡುವುದಿಲ್ಲ.